ಒಬ್ಬರ ‘ಬೇಡ’, ಎಲ್ಲರಿಗೂ ತಡೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ರಾಯಚೂರಿನಿಂದ ಬೇರೆಯಾಗಿ ಹೊಸ ಜಿಲ್ಲೆಯಾದದ್ದು 1997ರಲ್ಲಿ. ಅದೇ ವರ್ಷ ಅಮೆರಿಕದಲ್ಲಿ ಪಾಲ್ ವಿಕ್ಸಿ, ಸ್ಪ್ಯಾಮ್ ಕಳಿಸುವ ಸರ್ವರ್‌ಗಳ ಕಪ್ಪುಪಟ್ಟಿ ಆರಂಭಿಸಿದರು. ಎರಡಕ್ಕೂ ನಂಟಿಲ್ಲ. ಆದರೆ ಇಂದು ಈ ಊರುಗಳಿಂದ ಯಾರಾದರೂ ವಾರಕ್ಕೊಂದು ಸಾಹಿತ್ಯ ಪತ್ರವನ್ನು ಇಮೇಲಿನಲ್ಲಿ ಕಳಿಸಹೊರಟರೆ, ಅಂಥ ಪಟ್ಟಿಗಳನ್ನು ದಾಟಿಯೇ ಹೋಗಬೇಕು.

ಸ್ಪ್ಯಾಮ್ ಕಾಟ ಇನ್ನೂ ಹಳೆಯದು. 1978ರ ಮೇ ತಿಂಗಳಲ್ಲಿ ಗ್ಯಾರಿ ಥರ್ಕ್ ಅಂತರ್ಜಾಲದ ಪೂರ್ವಜ ಅರ್ಪಾನೆಟ್ಟಿನ ಸುಮಾರು 400 ಮಂದಿಗೆ ಒಂದೇ ಜಾಹೀರಾತು ಕಳಿಸಿ ಬೈಸಿಕೊಂಡಿದ್ದರು. 1998ರಲ್ಲಿ ಶುರುವಾದ ಸ್ಪ್ಯಾಮ್‌ಕಾಪ್ ಜನರ ದೂರುಗಳನ್ನೇ ಕಲೆಹಾಕಿತು. ದೂರು ಬೀಳುವುದು ಸರ್ವರಿನ ವಿಳಾಸದ ಮೇಲೆ. ಅದನ್ನು ಹಲವರು ಹಂಚಿಕೊಂಡಿದ್ದರೆ ನೆರೆಯವನ ತಪ್ಪಿಗೆ ನಿರಪರಾಧಿಯ ಪತ್ರವೂ ನಿಲ್ಲುತ್ತದೆ. ಬೇಕಾದ ಅಂಚೆಯನ್ನು ಎಂದೂ ತಡೆಯದ ಫಿಲ್ಟರ್ ಸಾಧ್ಯವಿಲ್ಲವೆಂದು ಸ್ಪ್ಯಾಮ್‌ಕಾಪ್ ತಾನೇ ಒಪ್ಪಿದೆ. ತಿರಸ್ಕರಿಸುವ ಬದಲು ಗುರುತು ಹಾಕಿ ಬೇರೆ ಇರಿಸಿ ಎಂದೂ ಸಲಹೆ ಕೊಟ್ಟಿದೆ.

ಈಗ ದೂರು ಕೊಡಲು ಗುಂಡಿ ಒತ್ತಿದರಾಯಿತು. ತಾವೇ ಕೇಳಿ ಸೇರಿದವರೂ ಚಂದಾ ಬಿಡುವ ದಾರಿ ಸಿಗದೆ ‘ಸ್ಪ್ಯಾಮ್’ ಒತ್ತುತ್ತಾರೆ. ಅವರು ಹೇಳಿದ್ದು ‘ಬೇಡ’. ಯಂತ್ರಕ್ಕೆ ಕೇಳಿಸುವುದು ‘ಮೋಸ’. 2024ರಿಂದ ಜಿಮೇಲ್, ದೂರಿನ ಪ್ರಮಾಣ ಶೇ 0.3 ಮುಟ್ಟಬಾರದು ಎನ್ನುತ್ತದೆ. ಲಕ್ಷ ಓದುಗರಿಗೆ ಅದು 300 ದೂರು. ಕುಷ್ಟಗಿಯಲ್ಲಿ 300 ಓದುಗರ ಪತ್ರವೊಂದಿದೆ ಎಂದುಕೊಳ್ಳಿ. ಒಂದೇ ದೂರಿಗೆ ಲೆಕ್ಕ ಆ ಗೆರೆ ದಾಟುತ್ತದೆ.

ಊರ ಪಂಚಾಯಿತಿಯಲ್ಲಿ ಆರೋಪಿಗೂ ಮಾತಾಡಲು ಅವಕಾಶವುಂಟು; ಇಲ್ಲಿ ಪತ್ರ ನಿಂತದ್ದೇ ಎಷ್ಟೋ ಸಲ ಕಳಿಸಿದವರಿಗೆ ತಿಳಿಯದು. ಆದ್ದರಿಂದ ಜನರ ದೂರು ಸುಳಿವಾಗಲಿ, ತೀರ್ಪಾಗದಿರಲಿ ಎಂಬುದು ನನ್ನ ನಿಲುವು. ಚಂದಾ ಬಿಡುವ ಕೊಂಡಿಯನ್ನು ಕಣ್ಣಿಗೆ ಬೀಳುವಂತೆ ಇಡುವುದು ಸಂಪಾದಕರ ಹೊಣೆ. ಬೇಡವಾದಾಗ ಅದನ್ನೇ ಒತ್ತುವುದು ನಮ್ಮದು.