ಧಾತು-ಈಶ್ವರ ಬರದ ಅನಾಥರು ಮತ್ತು ಸಮುದ್ರದಾಚೆಯ ಹಣ

ಯುದ್ಧದಿಂದಲೋ ಭೂಕಂಪದಿಂದಲೋ ನಲುಗಿದ ದೂರದ ನಾಡಿನ ಅನಾಥ ಮಕ್ಕಳಿಗೆ ಸೂರು ಕಟ್ಟಿಸಲೆಂದು ಜುಮಾ ನಮಾಝಿನ ಬಳಿಕ ಮಸೀದಿಯ ಬಾಗಿಲಲ್ಲಿ ಬಟ್ಟೆ ಹಾಸಿ ಹಣ ಕೂಡಿಸುವುದು ನಮಗೆ ಪರಿಚಿತವಾದ ಕಾರ್ಯ. ಹಾಗೆ ಕೊಡುವಾಗ ನಾವು ಎಂದಿಗೂ ಕೊಡುವ ಕಡೆಯವರೇ ಎಂಬ ಭಾವ ಮನಸ್ಸಿನಲ್ಲಿ ಸುಳಿಯುವುದುಂಟು. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಚರಿತ್ರೆ ಬೇರೆಯದನ್ನು ಹೇಳುತ್ತದೆ. ಸುಮಾರು ನೂರೈವತ್ತು ವರ್ಷಗಳ ಹಿಂದೆ ಆ ದೂರದ ನಾಡು ನಮ್ಮದೇ ಆಗಿತ್ತು. ಈ ಊರುಗಳ ಹೆಸರನ್ನೇ ಕೇಳದ ಜನರು ಸಮುದ್ರದಾಚೆ ನಮ್ಮ ಮಕ್ಕಳಿಗಾಗಿ ಚಂದಾ ಎತ್ತಿದ್ದರು.

ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಈ ಭಾಗ ಆಗ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಕೊಟ್ಟೂರಾಗಲಿ ಹಗರಿಬೊಮ್ಮನಹಳ್ಳಿಯಾಗಲಿ ಅಂದು ಪ್ರತ್ಯೇಕ ತಾಲ್ಲೂಕುಗಳಾಗಿರಲಿಲ್ಲ. 1876ರಲ್ಲಿ, ಧಾತು ಸಂವತ್ಸರದಲ್ಲಿ, ಮಳೆ ಕೈಕೊಟ್ಟಿತು. ಮರುವರ್ಷ ಈಶ್ವರ ಸಂವತ್ಸರದಲ್ಲಿಯೂ ಮುಂಗಾರು ಸಕಾಲಕ್ಕೆ ಬರಲಿಲ್ಲ. ಜೋಳ ಬೆಳೆಯುವ ಒಣ ಬೇಸಾಯದ ನೆಲಕ್ಕೆ ಎರಡು ವರ್ಷಗಳ ಬರವೆಂದರೆ ಹಗೇವಿನ ಕಾಳೂ ಮುಗಿದಂತೆಯೇ. ರೈಲು ಬಳ್ಳಾರಿಯಿಂದ ಪಶ್ಚಿಮಕ್ಕೆ ಇನ್ನೂ ಬಂದಿರಲಿಲ್ಲ. ಹೊಸಪೇಟೆಗೆ ಅದು ಬಂದದ್ದು 1884ರಲ್ಲಿ. ಬಳ್ಳಾರಿಗೆ ಬಂದಿಳಿದ ಧಾನ್ಯವನ್ನು ಹಡಗಲಿಗೋ ಹರಪನಹಳ್ಳಿಗೋ ಸಾಗಿಸಲು ಎತ್ತಿನ ಬಂಡಿಯೇ ಗತಿ. ಮೇವಿಲ್ಲದೆ ಎತ್ತುಗಳು ಜನರಿಗಿಂತ ಮೊದಲೇ ಸತ್ತಿದ್ದವು. ಸರ್ ರಿಚರ್ಡ್ ಟೆಂಪಲ್ ಅವರು ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಒಂದು ಆಣೆ ಎಂದು ಕೂಲಿ ಇಳಿಸಿದರು. ಅಷ್ಟರಲ್ಲಿ ದುಡಿಯುವ ದೇಹ ಉಳಿಯಲಾರದೆಂದು ಮದರಾಸಿನ ವೈದ್ಯಾಧಿಕಾರಿ ಕಾರ್ನಿಷ್ ಪ್ರತಿಭಟಿಸಿದರು. 1881ರ ಜನಗಣತಿ ನಡೆದಾಗ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 1871ರಲ್ಲಿದ್ದುದಕ್ಕಿಂತ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆಯಾಗಿತ್ತು. ತಂದೆ-ತಾಯಿ ಇಬ್ಬರೂ ಗಂಜಿ ಕೇಂದ್ರದ ದಾರಿಯಲ್ಲೇ ಬಿದ್ದುಹೋದ ಮಕ್ಕಳು ಎಷ್ಟು ಮಂದಿ ಇದ್ದಿರಬೇಕೆಂಬುದನ್ನು ಇದರಿಂದಲೇ ಊಹಿಸಬಹುದು.

1877ರ ಆಗಸ್ಟಿನಲ್ಲಿ ಮದರಾಸಿನಲ್ಲಿ ಸಾರ್ವಜನಿಕ ಸಭೆ ಸೇರಿತು. ಗವರ್ನರ್ ಡ್ಯೂಕ್ ಆಫ್ ಬಕಿಂಗ್‌ಹ್ಯಾಮ್ ಅವರ ಬೆಂಬಲದೊಡನೆ ಇಂಗ್ಲೆಂಡಿನ ನಗರಗಳಿಗೆ ಸಹಾಯ ಬೇಡುವ ತಂತಿಗಳು ಹೋದವು. ವೈಸರಾಯ್ ಲಿಟನ್ ಅವರಿಗೆ ಇದು ಮೊದಲಿಗೆ ಹಿಡಿಸಲಿಲ್ಲ. ಅದೇ ವರ್ಷದ ಜನವರಿಯಲ್ಲಿ ದಿಲ್ಲಿಯಲ್ಲಿ ವೈಭವದ ದರ್ಬಾರು ನಡೆಸಿದ್ದವರಿಗೆ ಭಿಕ್ಷಾಪಾತ್ರೆ ಚಾಚುವುದು ಮುಜುಗರವೆನಿಸಿದ್ದರೆ ಆಶ್ಚರ್ಯವಿಲ್ಲ. ಲಂಡನ್ನಿನ ಮೇಯರ್ ತಮ್ಮ ನಿವಾಸವಾದ ಮ್ಯಾನ್ಷನ್ ಹೌಸಿನಲ್ಲಿ ನಿಧಿ ತೆರೆದರು. ಫ್ಲಾರೆನ್ಸ್ ನೈಟಿಂಗೇಲ್ ಅದನ್ನು ಬೆಂಬಲಿಸಿ ಬರೆದರು. ಲ್ಯಾಂಕಶೈರಿನ ಗಿರಣಿ ಊರುಗಳಿಂದ, ಆಸ್ಟ್ರೇಲಿಯದಿಂದ ಹಣ ಬಂತು. ಕೆಲವೇ ತಿಂಗಳಲ್ಲಿ ಕೂಡಿದ್ದು ಐದು ಲಕ್ಷ ಪೌಂಡಿಗೂ ಹೆಚ್ಚು. ಮದರಾಸಿನ ಸಮಿತಿಯ ಕಾರ್ಯದರ್ಶಿಯಾಗಿದ್ದ ಪತ್ರಕರ್ತ ವಿಲಿಯಂ ಡಿಗ್ಬಿ ಇದೆಲ್ಲವನ್ನೂ 1878ರಲ್ಲಿ ಎರಡು ಸಂಪುಟಗಳಲ್ಲಿ ದಾಖಲಿಸಿದರು.

ಆ ಹಣ ವ್ಯರ್ಥವಾಯಿತೆಂದು ಹೇಳುವುದು ಅನ್ಯಾಯ. ಮೈಮುಚ್ಚಲು ಬಟ್ಟೆ, ಬಿತ್ತಲು ಬೀಜ, ಉಳಲು ಎತ್ತು, ಬಿದ್ದ ಮನೆಗೆ ಮತ್ತೆ ಮಾಡು, ಇವುಗಳೊಡನೆ ಅನಾಥರ ಪಾಲನೆಯೂ ನಿಧಿಯ ಉದ್ದೇಶಗಳಲ್ಲಿ ಸೇರಿತ್ತು. ಆದರೆ ಹಿಂಗಾರು ಸುರಿದ ಕೂಡಲೇ, 1877ರ ನವೆಂಬರಿನಲ್ಲಿ, ಲಂಡನ್ನಿನಲ್ಲಿ ಚಂದಾ ನಿಂತಿತು. ಎತ್ತು ಕೊಂಡ ರೈತ ಮುಂದಿನ ಸುಗ್ಗಿಗೆ ತನ್ನ ಕಾಲ ಮೇಲೆ ನಿಲ್ಲಬಲ್ಲ. ನಾಲ್ಕು ವರ್ಷದ ಮಗುವಿಗೆ ಒಂದು ಮಳೆಗಾಲದಿಂದ ಏನಾದೀತು? ಬರದ ಲೆಕ್ಕ ತಿಂಗಳುಗಳದ್ದು, ಮಗುವಿನ ಲೆಕ್ಕ ವರ್ಷಗಳದ್ದು. ಬಂಧುಗಳಿಲ್ಲದ ಅನೇಕ ಮಕ್ಕಳು ಮಿಷನರಿಗಳ ಅನಾಥಾಲಯಗಳಲ್ಲಿ ಬೆಳೆದರು, ಏಕೆಂದರೆ ಚಂದಾ ನಿಂತ ಮೇಲೂ ಬಾಗಿಲು ತೆರೆದಿಟ್ಟವರು ಬಹುಮಟ್ಟಿಗೆ ಅವರೇ. ಅವರ ಉದ್ದೇಶದ ಬಗ್ಗೆ ವಾದ ಮಾಡುವವರು, ಆ ದಿನ ಆ ಮಗುವನ್ನು ಎತ್ತಿಕೊಳ್ಳಲು ತಮ್ಮ ಹಿರಿಯರು ಎಲ್ಲಿದ್ದರೆಂಬುದನ್ನೂ ಕೇಳಿಕೊಳ್ಳಬೇಕಾಗುತ್ತದೆ.

ಈ ವಿಷಯದಲ್ಲಿ ಕುರ್‌ಆನಿನ ಅಳತೆ ಬೇರೆ. ಅನ್ನಿಸಾ ಅಧ್ಯಾಯದಲ್ಲಿ ಯತೀಮನ ಪೋಷಕನ ಹೊಣೆಯು ಮಗು ಪ್ರಾಯಕ್ಕೆ ಬಂದು, ವಿವೇಕ ಮೂಡಿ, ತನ್ನ ಸೊತ್ತನ್ನು ತಾನೇ ನಿಭಾಯಿಸುವವರೆಗೂ ಚಾಚುತ್ತದೆ. ಸೊತ್ತನ್ನು ಒಪ್ಪಿಸುವಾಗ ಸಾಕ್ಷಿಗಳೂ ಬೇಕು. ಅಲ್‌ಅಹ್ಝಾಬ್ ಅಧ್ಯಾಯವು ಸಾಕಿದ ಮಗುವನ್ನೂ ಅದರ ಸ್ವಂತ ತಂದೆಯ ಹೆಸರಿನಿಂದಲೇ ಕರೆಯಬೇಕೆಂದು ವಿಧಿಸುತ್ತದೆ. ಅನಾಥನಿಗೆ ಮನೆ ಕೊಡುವವನು ಅವನ ಹೆಸರನ್ನು ಬೆಲೆಯಾಗಿ ಪಡೆಯುವಂತಿಲ್ಲ.

ಅದೇ 1877ರಲ್ಲಿ ಇನ್ನೊಂದು ಚಂದಾ ವಿರುದ್ಧ ದಿಕ್ಕಿಗೆ ಹರಿಯುತ್ತಿತ್ತೆಂಬುದು ಹೆಚ್ಚಿನವರಿಗೆ ತಿಳಿದಿರಲಾರದು. ಏಪ್ರಿಲಿನಲ್ಲಿ ರಷ್ಯವು ತುರ್ಕಿಯ ಮೇಲೆ ಯುದ್ಧ ಸಾರಿದಾಗ ಕಲ್ಕತ್ತ, ಬೊಂಬಾಯಿ, ಹೈದರಾಬಾದಿನ ಮುಸ್ಲಿಮರು ಗಾಯಾಳುಗಳಿಗಾಗಿ, ವಿಧವೆಯರು ಮತ್ತು ಅನಾಥರಿಗಾಗಿ ಹಣ ಕೂಡಿಸಿ ಇಸ್ತಾಂಬುಲಿಗೆ ಕಳುಹಿಸಿದರು. ಭಾರತದಿಂದ ಬಂದ ದೇಣಿಗೆಗಳ ವಿವರವನ್ನು ಉಸ್ಮಾನಿಯ ಸರ್ಕಾರ ಪುಸ್ತಕವಾಗಿಯೇ ಅಚ್ಚು ಹಾಕಿಸಿತು. ಲಂಡನ್ನಿನ ಪೌಂಡು ಬಳ್ಳಾರಿಗೆ, ಹಿಂದೂಸ್ತಾನದ ರೂಪಾಯಿ ಇಸ್ತಾಂಬುಲಿಗೆ! ದಖ್ಖನ್ನಿನಲ್ಲೇ ಬರ ತಾಂಡವವಾಡುತ್ತಿದ್ದಾಗ ಹೊರಗೆ ಕೊಟ್ಟದ್ದು ತಪ್ಪೆನ್ನುವವರಿದ್ದಾರೆ. ನನಗೆ ಹಾಗೆನ್ನಿಸದು. ಹಸಿದ ಊರಿನವನೂ ಕೊಡಬಲ್ಲನೆಂಬುದನ್ನು ಆ ಪುಸ್ತಕ ದಾಖಲಿಸಿದೆ. ಆದರೆ ನೆರೆಯ ಮಗುವಿನ ಹಕ್ಕು ಮೊದಲನೆಯದೆಂಬುದರಲ್ಲಿಯೂ ನನಗೆ ಸಂದೇಹವಿಲ್ಲ.

ವರ್ಷಗಳ ಲೆಕ್ಕವನ್ನು ಅರಿತವರೊಬ್ಬರು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ. 1870ರ ದಶಕದ ಬರದಲ್ಲಿ ತಂದೆ-ತಾಯಿಯನ್ನು, ಅಕ್ಕನನ್ನು ಕಳೆದುಕೊಂಡವರು ಅವರು. 1886ರಲ್ಲಿ ಅಮೆರಿಕಕ್ಕೆ ಹೋಗಿ ಊರೂರು ಸುತ್ತಿ ಭಾಷಣ ಮಾಡಿದರು. 1887ರಲ್ಲಿ ಬಾಸ್ಟನ್ನಿನಲ್ಲಿ ಸ್ಥಾಪಿತವಾದ ರಮಾಬಾಯಿ ಸಂಘವು ಹತ್ತು ವರ್ಷಗಳ ಕಾಲ ಹಣ ಕೊಡುವ ಮಾತು ಕೊಟ್ಟಿತು. ಆ ಹತ್ತು ವರ್ಷವೆಂಬ ಮಾತೇ ಮುಖ್ಯ. 1889ರ ಮಾರ್ಚಿನಲ್ಲಿ ಬೊಂಬಾಯಿಯಲ್ಲಿ ಎಳೆಯ ವಿಧವೆಯರಿಗಾಗಿ ಶಾರದಾ ಸದನ ತೆರೆಯಿತು. ಮರುವರ್ಷ ಅದು ಪುಣೆಗೆ ಹೋಯಿತು. ರಮಾಬಾಯಿ ಅದಕ್ಕೂ ಮೊದಲೇ ಕ್ರೈಸ್ತ ಮತ ಸ್ವೀಕರಿಸಿದ್ದರಿಂದ 1893ರಲ್ಲಿ ಅಲ್ಲಿ ಮತಾಂತರದ ವಿವಾದವೆದ್ದು ಅನೇಕರು ತಮ್ಮ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಸದನ ಮುಚ್ಚಲಿಲ್ಲ. 1897ರಲ್ಲಿ ಮಧ್ಯಪ್ರಾಂತಗಳಲ್ಲಿ ಬರ ಬಂದಾಗ ಅವರು ನೂರಾರು ಹುಡುಗಿಯರನ್ನು ಕರೆತಂದು ಪುಣೆಯ ಬಳಿಯ ಕೇಡಗಾಂವಿನಲ್ಲಿ ನೆಲೆಗೊಳಿಸಿದರು.

ಮುಸ್ಲಿಮರಲ್ಲಿ ಇಂಥ ಎಚ್ಚರ ಸಂಸ್ಥೆಯ ರೂಪ ತಾಳಿದ್ದು ಲಾಹೋರಿನಲ್ಲಿ, 1884ರಲ್ಲಿ ಸ್ಥಾಪನೆಯಾದ ಅಂಜುಮನ್ ಹಿಮಾಯತೆ ಇಸ್ಲಾಮಿನಿಂದ. ಅದು ಶಾಲೆಗಳ ಜೊತೆಗೆ ಯತೀಮ್ ಖಾನೆಯನ್ನೂ ನಡೆಸಿತು. ಆರಂಭದಲ್ಲಿ ಅದರ ಹಿಂದೆ ದೊಡ್ಡ ನವಾಬರಿರಲಿಲ್ಲ. ಮನೆಯ ಹೆಂಗಸರು ಹಿಟ್ಟು ನಾದುವ ಮೊದಲು ಒಂದು ಹಿಡಿ ತೆಗೆದು ಬೇರೆ ಮಡಕೆಗೆ ಹಾಕುತ್ತಿದ್ದರು. ಸಂಸ್ಥೆಯವರು ಮನೆಮನೆಗೆ ಬಂದು ಅದನ್ನು ಒಯ್ದು ಮಾರಿ ಖರ್ಚಿಗೆ ಒದಗಿಸುತ್ತಿದ್ದರು. ಮಳೆ ಬಂದರೂ ಬಾರದಿದ್ದರೂ ಮರುದಿನ ಆ ಮನೆಗಳಲ್ಲಿ ಮತ್ತೆ ರೊಟ್ಟಿ ಮಾಡಲೇಬೇಕಾಗಿತ್ತು, ಮಡಕೆಗೆ ಮತ್ತೊಂದು ಹಿಡಿ ಬೀಳುತ್ತಿತ್ತು.