ಶಿಲೆಯ ಒಡಲೊಳಗಿನ ಶ್ರಮ: ಚೀನಾದ ಜೇಡ್ ನಶ್ಯದ ಬುಡ್ಡಿಗಳು

ಚೀನಾದ ಚಿಂಗ್ ರಾಜವಂಶದ (1644–1911) ಕಾಲದ ನಶ್ಯದ ಬುಡ್ಡಿಗಳನ್ನು ಕುರಿತ ಬರವಣಿಗೆ ಬಹುಮಟ್ಟಿಗೆ ಸಂಗ್ರಾಹಕರ ದೃಷ್ಟಿಯಿಂದ ರೂಪುಗೊಂಡಿದೆ. ಬುಡ್ಡಿಯು ಯಾವ ಚಕ್ರವರ್ತಿಯ ಕಾಲದ್ದು, ಶಿಲೆಯ ಬಣ್ಣವೇನು, ಯಾರ ಸಂಗ್ರಹದಲ್ಲಿತ್ತು ಎಂಬ ಪ್ರಶ್ನೆಗಳಿಗೆ ಅಲ್ಲಿ ಪ್ರಾಶಸ್ತ್ಯ. ಅದನ್ನು ಮಾಡಿದವನು ಹಿಂದೆ ಸರಿದಿದ್ದಾನೆ. ಅಂಗೈಯಲ್ಲಿ ಅಡಗುವ ಈ ವಸ್ತುವನ್ನು ತಯಾರಿಕೆಯ ಕಡೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚೀನಾದ ಆಸ್ಥಾನಕ್ಕೆ ನಶ್ಯವನ್ನು ಪರಿಚಯಿಸಿದವರಲ್ಲಿ ಯೂರೋಪಿನ ಜೆಸ್ಯೂಟ್ ಪಾದ್ರಿಗಳು ಪ್ರಮುಖರು. ಕಾಂಗ್‌ಷಿ ಚಕ್ರವರ್ತಿಯ (ಆಳ್ವಿಕೆ 1661–1722) ಕಾಲಕ್ಕೆ ಅದು ಗೌರವದ ಕಾಣಿಕೆಯಾಗಿತ್ತು. ನೆಗಡಿ, ತಲೆನೋವುಗಳಿಗೆ ಮದ್ದೆಂಬ ನಂಬಿಕೆಯೂ ಇತ್ತು. ಯೂರೋಪಿನವರು ನಶ್ಯವನ್ನು ಡಬ್ಬಿಯಲ್ಲಿಡುತ್ತಿದ್ದರು. ಚೀನೀಯರು ತಮ್ಮಲ್ಲಿ ಮೊದಲೇ ಇದ್ದ ಔಷಧದ ಬುಡ್ಡಿಯ ಆಕಾರವನ್ನು ಇದಕ್ಕೆ ಒಗ್ಗಿಸಿಕೊಂಡರು. ಕಿರಿದಾದ ಬಾಯಿ, ಬಿಗಿಯಾದ ಮುಚ್ಚಳ, ಮುಚ್ಚಳಕ್ಕೆ ಜೋಡಿಸಿದ ಪುಟ್ಟ ಚಮಚ: ಪುಡಿಗೆ ತೇವ ತಾಗದಂತೆ ಕಾಪಾಡುವ ವ್ಯವಸ್ಥೆಯಿದು. ಗಾಜು, ಪಿಂಗಾಣಿ, ಲೋಹ, ಶಿಲೆ ಎಲ್ಲವುಗಳಿಂದಲೂ ಬುಡ್ಡಿಗಳು ತಯಾರಾದವು.

ಜೇಡ್ ಬುಡ್ಡಿಗಳ ವಿಪುಲತೆಗೆ ರಾಜಕೀಯ ಕಾರಣವೂ ಉಂಟು. 1759ರ ವೇಳೆಗೆ ಚಿಯೆನ್‌ಲುಂಗ್ ಚಕ್ರವರ್ತಿಯು ಇಂದಿನ ಷಿನ್‌ಜಿಯಾಂಗ್ ಪ್ರದೇಶವನ್ನು ಗೆದ್ದ ಮೇಲೆ ಖೋತಾನಿನ ನದೀಪಾತ್ರಗಳ ನೆಫ್ರೈಟ್ ಶಿಲೆ ನೇರವಾಗಿ ಬರತೊಡಗಿತು. ಬರ್ಮಾದ ಹಸಿರು ಜೇಡೈಟ್ ಕೂಡ 18ನೆಯ ಶತಮಾನದ ಉತ್ತರಾರ್ಧದಿಂದ ಹೆಚ್ಚು ಬಳಕೆಗೆ ಬಂದಿತು. ಅರಮನೆಯ ಕಾರ್ಯಾಗಾರಗಳಷ್ಟೇ ಅಲ್ಲದೆ ಸೂಜೌ ನಗರವೂ ಈ ಕಸುಬಿನ ದೊಡ್ಡ ಕೇಂದ್ರವಾಗಿತ್ತು.

ಜೇಡ್ 'ಕೆತ್ತನೆ' ಎಂಬ ಮಾತು ರೂಢಿಯಲ್ಲಿದ್ದರೂ ಅದು ಅಷ್ಟು ಸರಿಯಲ್ಲ. ನೆಫ್ರೈಟಿನ ಕಾಠಿಣ್ಯ ಮೋಹ್ಸ್ ಮಾನದಲ್ಲಿ 6ರಿಂದ 6.5. ಅದರ ಸೂಕ್ಷ್ಮ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಉಳಿಯ ಪೆಟ್ಟಿಗೆ ಅದು ಬಗ್ಗದು. ಗಂಧದ ಕೊರಡಿನಂತೆ ಅದನ್ನು ತೇಯಬೇಕು. ತೇಯುವುದು ಲೋಹವಲ್ಲ, ಲೋಹ ಹೊತ್ತೊಯ್ಯುವ ಒದ್ದೆ ಮರಳು. ಸುಂಗ್ ಯಿಂಗ್‌ಷಿಂಗ್ 1637ರಲ್ಲಿ ಪ್ರಕಟಿಸಿದ 'ತಿಯೆನ್‌ಗುಂಗ್ ಕೈವು' ಗ್ರಂಥ ಈ ಯಂತ್ರವನ್ನು ಚಿತ್ರಸಹಿತ ವಿವರಿಸಿದೆ. ಕುಶಲಕರ್ಮಿ ಎರಡೂ ಕಾಲುಗಳಿಂದ ಹಲಗೆಗಳನ್ನು ಒಂದಾದ ಮೇಲೊಂದರಂತೆ ತುಳಿದಾಗ ಕಬ್ಬಿಣದ ಬಿಲ್ಲೆ ಹಿಂದಕ್ಕೂ ಮುಂದಕ್ಕೂ ತಿರುಗುತ್ತದೆ. ಅದರ ಅಂಚಿಗೆ ಮರಳನ್ನು ಉಣಿಸುತ್ತ ಶಿಲೆಯನ್ನು ಒತ್ತಿಹಿಡಿಯಲಾಗುತ್ತದೆ.

ನಶ್ಯದ ಬುಡ್ಡಿಯಲ್ಲಿ ನಿಜವಾದ ಪರೀಕ್ಷೆ ಒಳಭಾಗದ್ದು. ಮೊದಲು ಕೊಳವೆಯಾಕಾರದ ಬೈರಿಗೆಯಿಂದ ಕೊರೆದು ನಡುವಿನ ತಿರುಳನ್ನು ಮುರಿದು ತೆಗೆಯುತ್ತಿದ್ದರು. ಬಳಿಕ ಒಂದು ಸೆಂಟಿಮೀಟರಿಗಿಂತ ಕಿರಿದಾದ ಬಾಯಿಯ ಮೂಲಕ ಬಾಗಿದ ಉಪಕರಣಗಳನ್ನು ಇಳಿಸಿ, ಭುಜದ ಕೆಳಗಿನ ಶಿಲೆಯನ್ನು ಸವೆಸುತ್ತಿದ್ದರು. ಕಣ್ಣಿಗೆ ಕಾಣದ ಈ ಕೆಲಸಕ್ಕೆ ಕೈಯ ಅನುಭವವೇ ಆಧಾರ. ಗೋಡೆ ತೂತಾದರೆ ಅದುವರೆಗಿನ ಶ್ರಮವೆಲ್ಲ ವ್ಯರ್ಥ. ಚೆನ್ನಾಗಿ ಪೊಳ್ಳಾಗಿಸಿದ ಕೆಲವು ಬುಡ್ಡಿಗಳು ಶಿಲೆಯವಾದರೂ ನೀರಿನಲ್ಲಿ ತೇಲುವಷ್ಟು ಹಗುರ. ಲಿ ಚೆಂಗ್‌ಯುವಾನ್ 1891ರಲ್ಲಿ ರಚಿಸಿದ ಜೇಡ್ ಕಸುಬಿನ ಚಿತ್ರಮಾಲೆಯಲ್ಲಿ ಹೀಗೆ ಒಳಗನ್ನು ತೋಡುವ ಹಂತಕ್ಕೆ ಪ್ರತ್ಯೇಕ ಚಿತ್ರವೇ ಇರುವುದು ಗಮನಾರ್ಹ.

ಹೊರಮೈಯ ಅಲಂಕರಣ ಜನಪದ ಭಾಷೆಯೊಡನೆ ನಂಟು ಹೊಂದಿದೆ. ಚೀನೀ ಭಾಷೆಯಲ್ಲಿ ಬಾವಲಿ ಮತ್ತು ಭಾಗ್ಯ ಎರಡಕ್ಕೂ 'ಫು' ಎಂಬ ಉಚ್ಚಾರ. ಮೀನಿಗೂ ಸಮೃದ್ಧಿಗೂ 'ಯು'. ಬೀಜ ತುಂಬಿದ ಸೋರೆ ಸಂತಾನದ ಸಂಕೇತ. ಹೊಸ ವರ್ಷದ ಅಚ್ಚುಚಿತ್ರಗಳಲ್ಲಿ, ಕಾಗದದ ಕತ್ತರಿಕಲೆಯಲ್ಲಿ ಸಾಮಾನ್ಯರು ಬಳಸಿದ ಈ ಶ್ಲೇಷೆಗಳೇ ಅರಮನೆಯ ಜೇಡ್ ಮೇಲೂ ಕಾಣಿಸಿಕೊಂಡಿವೆ.

ಇಷ್ಟಾದರೂ ಬಹುಪಾಲು ಬುಡ್ಡಿಗಳ ಮೇಲೆ ಕರ್ತೃವಿನ ಹೆಸರಿಲ್ಲ. ಮಿಂಗ್ ಕಾಲದಲ್ಲಿ ಸೂಜೌವಿನ ಲು ಜಿಗಾಂಗ್ ಹೆಸರಾಂತ ಜೇಡ್ ಕುಶಲಕರ್ಮಿಯಾಗಿದ್ದನು. ಆದರೆ ಆತನ ಅಂಕಿತವನ್ನು ಮುಂದಿನ ತಲೆಮಾರುಗಳವರೂ ತಮ್ಮ ಕೃತಿಗಳ ಮೇಲೆ ಹಾಕಿದ್ದರಿಂದ ಆ ಹೆಸರೂ ವ್ಯಕ್ತಿಯನ್ನು ಗುರುತಿಸದಾಯಿತು. ಆದಕಾರಣ ಬುಡ್ಡಿಯ ಒಳಗೋಡೆಯಲ್ಲಿ ಉಳಿದಿರುವ ಉಪಕರಣದ ಗೆರೆಗಳನ್ನು ನಾವು ದಾಖಲೆಗಳೆಂದು ಪರಿಗಣಿಸಬೇಕು. ಒಡೆಯನ ಹೆಸರು ಪಟ್ಟಿಗಳಲ್ಲಿದೆ. ದುಡಿದವನ ಕೈ ಶಿಲೆಯ ಒಳಗಿದೆ. ವಸ್ತುಸಂಸ್ಕೃತಿಯ ಅಧ್ಯಯನ ಅಲ್ಲಿಂದ ಆರಂಭವಾಗಬೇಕಾಗಿದೆ.