ಗರಡಿಯೂ ಬ್ಯಾಲೆಯೂ: ಮುಂಬಯಿಯ ಒಂದು ರಂಗಪರಂಪರೆ

ಕತ್ತಿ ಗುರಾಣಿಗಳನ್ನು ಹಿಡಿದು ಕುಣಿದ ಮಾತ್ರಕ್ಕೆ ನೃತ್ಯವು ಯುದ್ಧಕಲೆಯೊಡನೆ ಬೆರೆಯಿತೆಂದು ಹೇಳಲಾಗದು. ಆಯುಧವು ವೇಷಕ್ಕೆ ಸೇರಿದುದು. ಸಾಧನೆಯಾದರೋ ದೇಹಕ್ಕೆ ಸೇರಿದುದು. ಮುಂಬಯಿಯ ಬ್ಯಾಲೆಯ ಚರಿತ್ರೆಯನ್ನು ಈ ಭೇದದ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಸಂಬಂಧವೇನೂ ಹೊಸದಲ್ಲ. ರಂಗದ ಮೇಲೆ ಆಯುಧಗಳನ್ನು ಬಳಸುವ ಬಗೆಗೆ ಭರತನು ನಾಟ್ಯಶಾಸ್ತ್ರದಲ್ಲಿ ಭಾರತ, ಸಾತ್ವತ, ವಾರ್ಷಗಣ್ಯ, ಕೈಶಿಕಗಳೆಂಬ ನಾಲ್ಕು ‘ನ್ಯಾಯ’ಗಳನ್ನು ಹೇಳಿದ್ದಾನೆ. ಹೊಡೆತವು ಸಂಜ್ಞಾಮಾತ್ರವಾಗಿರಬೇಕೆಂದು ವಿಧಿಸಿದ ಆತನೇ, ನಟನು ಎಳ್ಳೆಣ್ಣೆ ತಿಕ್ಕಿಕೊಂಡು ವ್ಯಾಯಾಮ ಮಾಡಬೇಕೆಂದೂ ಹೇಳುತ್ತಾನೆ. ನಮ್ಮ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೂ ನೃತ್ಯವಿನೋದವೂ ಒಂದೇ ವಿಂಶತಿಯಲ್ಲಿ ವರ್ಣಿತವಾಗಿವೆ.

ಆಧುನಿಕ ಕಾಲದಲ್ಲಿ ಈ ಸಂಬಂಧವು ಮುಂಬಯಿಯನ್ನು ತಲುಪಿದ್ದು ಬಳಸುದಾರಿಯಿಂದ. ಕೇರಳದ ಗರಡಿವಿದ್ಯೆಯಾದ ಕಳರಿಪಯಟ್ಟಿನ ಎಣ್ಣೆನೀವಿಕೆ, ಕಾಲಿನ ಕಸರತ್ತುಗಳು ಕಥಕಳಿಯ ಶಿಕ್ಷಣದಲ್ಲಿ ಸೇರಿಹೋಗಿವೆ. ಉದಯಶಂಕರರ ಅಲ್ಮೋರ ಕೇಂದ್ರದಲ್ಲಿ ಆ ಕಥಕಳಿಯನ್ನು ಕಲಿಸಿದವರು ಶಂಕರನ್ ನಂಬೂದಿರಿಯವರು. ಅದೇ ಕೇಂದ್ರದಲ್ಲಿದ್ದ ಶಾಂತಿ ಬರ್ಧನರು 1944ರಲ್ಲಿ ಮುಂಬಯಿಗೆ ಬಂದು, ಅಂಧೇರಿಯಲ್ಲಿದ್ದ ‘ಇಪ್ಟಾ’ದ ಕೇಂದ್ರತಂಡಕ್ಕೆ ಬ್ಯಾಲೆಗಳನ್ನು ಸಂಯೋಜಿಸಿದರು. 1952ರಲ್ಲಿ ಅವರು ‘ಲಿಟಲ್ ಬ್ಯಾಲೆ ಟ್ರೂಪ್’ ಸ್ಥಾಪಿಸಿದರು. ಅದರ ‘ರಾಮಾಯಣ’ದಲ್ಲಿ ನಟರು ಸೂತ್ರದ ಬೊಂಬೆಗಳಂತೆ ಚಲಿಸುತ್ತಿದ್ದರು. ಬೊಂಬೆಯ ಬಿಗುವನ್ನು ಬಹುಹೊತ್ತು ಧರಿಸಲು ಜಟ್ಟಿಯ ಮೈಯಂತೆ ಪಳಗಿದ ಮೈಯೇ ಬೇಕು. ಬರ್ಧನರು 1954ರಲ್ಲಿ ತೀರಿಕೊಂಡರು. ತಂಡವು ಮುಂದೆ ಗ್ವಾಲಿಯರಿಗೂ ಅನಂತರ ಭೋಪಾಲಕ್ಕೂ ಹೋಯಿತು.

ಹೀಗೆ ಮರೆಯಲ್ಲಿದ್ದ ಗರಡಿಯು ಮುಂದೆ ರಂಗದ ಮೇಲೆಯೇ ಪ್ರಕಟವಾಯಿತು. ನರಿಮನ್ ಪಾಯಿಂಟಿನ ಎನ್.ಸಿ.ಪಿ.ಎ.ಯಲ್ಲಿ 1984ರಲ್ಲಿ ನಡೆದ ಪೂರ್ವ-ಪಶ್ಚಿಮ ನೃತ್ಯಸಮಾವೇಶದಲ್ಲಿ, ಬಹುಕಾಲ ರಂಗದಿಂದ ದೂರವಿದ್ದ ಚಂದ್ರಲೇಖಾ ಅವರು ಮರಳಿ ಕಾಣಿಸಿಕೊಂಡರು. ಮರುವರ್ಷ ಅವರು ರಚಿಸಿದ ‘ಅಂಗಿಕ’ದಲ್ಲಿ ಭರತನಾಟ್ಯದ ನರ್ತಕಿಯರೊಡನೆ ಕಳರಿಯ ಪಟುಗಳು ಸಮಾನರಾಗಿ ನಿಂತರು. ಮುಂಬಯಿಯ ನರ್ತಕ ಅಸ್ತಾದ್ ದೇಬೂ (1947–2020) ಅವರು ಮಣಿಪುರದ ಖಡ್ಗವಿದ್ಯೆಯಾದ ಥಾಂಗ್-ತಾ ಬಲ್ಲವರೊಡನೆ ಕೃತಿಗಳನ್ನು ಕಟ್ಟಿದರು.

ಈ ಚರಿತ್ರೆಯಿಂದ ನಾವು ಕಲಿಯಬೇಕಾದುದುಂಟು. ಶಿವರಾಮ ಕಾರಂತರು ಯಕ್ಷಗಾನದಲ್ಲಿ ಮಾತನ್ನು ತಗ್ಗಿಸಿ, ಕುಣಿತಕ್ಕೆ ಪ್ರಾಧಾನ್ಯವಿತ್ತು ‘ಯಕ್ಷಗಾನ ಬ್ಯಾಲೆ’ಯನ್ನು ರೂಪಿಸಿದರು. ಮಾತನ್ನು ಕಳೆದ ಮೇಲೆ ಭಾರವೆಲ್ಲ ದೇಹದ ಮೇಲೆಯೇ ಬೀಳುತ್ತದೆ. ಈ ನಗರದ ಸಭಾಗೃಹಗಳಲ್ಲಿ ಇರುಳಿನ ಆಟವನ್ನು ಎರಡು ಮೂರು ಗಂಟೆಗಳಿಗೆ ಇಳಿಸುವಾಗ ಯುದ್ಧದ ಕುಣಿತ, ದಿಗಿಣಗಳು ಉಳಿದುಕೊಳ್ಳುತ್ತವೆ. ಚಪ್ಪಾಳೆಯೂ ಅವಕ್ಕೇ ಸಲ್ಲುತ್ತದೆ. ಆದರೆ ದಿಗಿಣವನ್ನು ಹೊರುವ ಕಾಲಿಗೆ ವರ್ಷಗಳ ಅಭ್ಯಾಸ ಬೇಕು. ಮುಂಬಯಿಯ ಕನ್ನಡ ಸಂಘಗಳು ಪ್ರದರ್ಶನಕ್ಕೆ ವೆಚ್ಚಮಾಡುವುದರಲ್ಲಿ ಒಂದು ಪಾಲನ್ನು ನಮ್ಮ ಮಕ್ಕಳ ಅಂಗಸಾಧನೆಗೆ ಮೀಸಲಿಡದಿದ್ದರೆ, ಮುಂದಿನ ತಲೆಮಾರಿಗೆ ವೇಷವು ಉಳಿದೀತು, ಕುಣಿತವು ಉಳಿಯಲಾರದು. ಸಂಘಗಳ ಹಿರಿಯರು ಇದನ್ನು ಪರ್ಯಾಲೋಚಿಸಬೇಕಾಗಿದೆ.